ಘಟ್ಟ ಇಳಿದರೂ ಬಿಡದ ದಂಡ

ವಿರಾಜಪೇಟೆಯಲ್ಲಿ ಒಂದು ಭಾನುವಾರ ಬೆಳಗ್ಗೆ ಚಾಲಕರು, ತೋಟದ ಮಾಲೀಕರು, ಕಾಲೇಜು ಮಕ್ಕಳು ಸೇರಿದ್ದ ಸಭೆಯಲ್ಲಿ, ಟ್ರಾಫಿಕ್ ದಂಡ ಬಾಕಿ ಇಟ್ಟು ಬೇರೆ ರಾಜ್ಯಕ್ಕೆ ಹೋದರೆ ಏನಾಗುತ್ತದೆ ಎಂಬ ಬಗ್ಗೆ ನಾನು ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ, ತುಂಬಾ ಸಂತೋಷ.

ಮೊದಲು ಒಂದು ಹುಡುಗಿಯ ವಿಷಯ ಹೇಳುತ್ತೇನೆ. ಅಮ್ಮತ್ತಿ ಕಡೆಯವಳು. ಮೈಸೂರಿನಲ್ಲಿ ನರ್ಸಿಂಗ್ ಓದುವಾಗ ಅಪ್ಪ ಒಂದು ಸ್ಕೂಟರ್ ಕೊಡಿಸಿದ್ದರು. ನಮ್ಮ ಕೆಎ 12 ನಂಬರಿನದ್ದೇ. ಓದು ಮುಗಿಯಿತು, ಕಣ್ಣೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸ್ಕೂಟರನ್ನೂ ಮಾಕುಟ್ಟ ಘಟ್ಟ ಇಳಿಸಿ ಅಲ್ಲಿಗೇ ಒಯ್ದಳು. ಒಂಬತ್ತು ತಿಂಗಳು ಕಳೆದ ಮೇಲೆ ಕೇರಳದ ನಂಬರ್ ಮಾಡಿಸಬೇಕು ಎಂದು ಹೊರಟಳು. ಅದಕ್ಕೆ ಇಲ್ಲಿಂದ ಎನ್‌ಒಸಿ ಬೇಕಲ್ವಾ? ಗಾಡಿಯನ್ನು ಬೇರೆ ಕಡೆ ನೋಂದಾಯಿಸಲು ಅಭ್ಯಂತರ ಇಲ್ಲ ಎನ್ನುವ ಪತ್ರ ಅದು. ಒಂದು ದಿನ ರಜೆ ಹಾಕಿ ಬಂದಳು. ಅದರ ಅರ್ಜಿ ಫಾರಂ 28 ತುಂಬಿದ್ದಳು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು, ಅದನ್ನೂ ಅಪ್ಪನೇ ಕೂತು ಚೆಂದ ಮಾಡಿ ಕೊಟ್ಟಿದ್ದರು. ಇನ್ಶೂರೆನ್ಸ್, ಎಮಿಷನ್ ಚೀಟಿ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ.

ಆರ್‌ಟಿಒ ಕೌಂಟರಿನಲ್ಲಿ ನಂಬರ್ ಹಾಕಿ ನೋಡಿದರೆ ಐದು ಟ್ರಾಫಿಕ್ ಕೇಸು. ಐದೂ ಮೈಸೂರಿನದ್ದು, ಐದೂ ಹೆಲ್ಮೆಟ್ಟಿನದ್ದು. ಹಿಂದೆ ಕೂತ ಗೆಳತಿ ಹಾಕಿರಲಿಲ್ಲ. ತಲಾ 500 ರೂಪಾಯಿ, ಒಟ್ಟು 2,500.

ಅವಳು ನನ್ನ ಆಫೀಸಿಗೆ ಬಂದಾಗ ಅಳುತ್ತಿದ್ದಳು. ದುಡ್ಡಿಗಲ್ಲ. "ಮೇಡಂ, ನಂಗೆ ಒಂದು ಮೆಸೇಜೂ ಬಂದಿಲ್ಲ. ಬಂದಿದ್ರೆ ಅವತ್ತೇ ಕಟ್ತಿದ್ದೆ" ಎಂದಳು. ಅದು ನಿಜ. ಗಾಡಿ ಕೊಂಡಾಗ ಅರ್ಜಿ ತುಂಬಿದ ಶೋರೂಮಿನ ಹುಡುಗ ಅವಳ ನಂಬರ್ ಬದಲು ತನ್ನ ಮೊಬೈಲ್ ನಂಬರ್ ಹಾಕಿಬಿಟ್ಟಿದ್ದ. ಐದು ಮೆಸೇಜೂ ಅವನಿಗೆ ಹೋಗಿವೆ. ಅವನಿಗೆ ಅದೇನು ಲೆಕ್ಕ? ಐದರಲ್ಲಿ ಎರಡು ಕೇಸು ಆಗಲೇ ಕೋರ್ಟಿಗೆ ಹೋಗಿದ್ದವು. ಅವನ್ನು ಮುಗಿಸಿ, ಮತ್ತೆ ರಜೆ ಹಾಕಿ ಬಂದು, ಎನ್‌ಒಸಿ ಕೈಗೆ ಸಿಗುವಷ್ಟರಲ್ಲಿ ಹನ್ನೆರಡು ತಿಂಗಳು ದಾಟಿತ್ತು.

ಆ ಹನ್ನೆರಡು ತಿಂಗಳ ಲೆಕ್ಕ ಏನು ಅಂತ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ 1988ರದ್ದು. ಅದರ 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಅಲ್ಲಿಯ ನಂಬರಿಗೆ ಅರ್ಜಿ ಹಾಕಬೇಕು. ಆ ಅರ್ಜಿಗೆ ಹಳೆಯ ಊರಿನ ಎನ್‌ಒಸಿ ಬೇಕು. ಎನ್‌ಒಸಿ ಕೊಡುವುದು 48ನೇ ಸೆಕ್ಷನ್ನಿನಲ್ಲಿ. ಕೊಡುವ ಮೊದಲು ಗಾಡಿ ಕಳವಿನದ್ದಲ್ಲ ಎಂದು ಪೊಲೀಸರಿಂದ ವರದಿ ತರಿಸಬೇಕು, ರಸ್ತೆ ತೆರಿಗೆಯೂ ಸೇರಿ ಸರ್ಕಾರಕ್ಕೆ ಬರಬೇಕಾದ ಎಲ್ಲ ಬಾಕಿ ತೀರಿದೆಯಾ ನೋಡಬೇಕು ಎಂದು ಅಲ್ಲಿ ಬರೆದಿದೆ. ದಂಡವೂ ಸರ್ಕಾರಕ್ಕೆ ಬರಬೇಕಾದ ಬಾಕಿಯೇ. ಐನೂರು ರೂಪಾಯಿ ಎಲ್ಲಿ ಹೋಗಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ. ದಂಡ ಬಾಕಿ ಅಂತ ಎನ್‌ಒಸಿ ನಿಲ್ಲುತ್ತದೆ. ಎನ್‌ಒಸಿ ನಿಂತರೆ ಹೊಸ ನಂಬರ್ ಇಲ್ಲ. ಹೊಸ ನಂಬರ್ ಇಲ್ಲದೆ ವರ್ಷ ದಾಟಿದರೆ ಅಲ್ಲಿಯ ಸಾರಿಗೆಯವರ ಕೈಗೆ ಸಿಕ್ಕಿಬೀಳುತ್ತೀರಿ. ಇನ್ನೊಂದು ಕಡೆ, ಇಲ್ಲಿ ಕಟ್ಟಿದ ಲೈಫ್ ಟ್ಯಾಕ್ಸಿನಲ್ಲಿ ಉಳಿದ ಭಾಗ ವಾಪಸ್ ಕೇಳಬೇಕಾದರೂ ಗಾಡಿ ಬೇರೆ ರಾಜ್ಯದಲ್ಲಿ ನೋಂದಣಿಯಾಗಿದೆ ಎಂದು ತೋರಿಸಬೇಕು. ಅದೂ ನಿಂತಿತು.

ಈ ವಿಷಯ ನಮ್ಮ ಜಿಲ್ಲೆಗೆ ಯಾಕೆ ಇಷ್ಟು ಮುಖ್ಯ ಅಂದರೆ, ನಮಗೆ ರೈಲಿಲ್ಲ. ಎಲ್ಲಿಗೆ ಹೋಗುವುದಾದರೂ ರಸ್ತೆಯೇ ಗತಿ. ಮಾಕುಟ್ಟದಲ್ಲಿ ಇಳಿದರೆ ಇರಿಟ್ಟಿ. ಕುಟ್ಟ ದಾಟಿದರೆ ತೋಲ್ಪೆಟ್ಟಿ, ಮಾನಂದವಾಡಿ. ಭಾಗಮಂಡಲದಿಂದ ಕರಿಕೆ ದಾಟಿದರೆ ಪಾಣತ್ತೂರು. ಮೂರು ಕಡೆಯೂ ಕೇರಳ. ಮದುವೆ ಸಂಬಂಧ ಅಲ್ಲಿ, ಆಸ್ಪತ್ರೆ ಅಲ್ಲಿ, ಶುಂಠಿ, ಮೆಣಸಿನ ವ್ಯಾಪಾರ ಅಲ್ಲಿ. ನಮ್ಮ ಮಕ್ಕಳು ಓದುವುದು ಮೈಸೂರು, ಮಂಗಳೂರು, ಬೆಂಗಳೂರಿನಲ್ಲಿ, ಕೆಲಸ ಮಾಡುವುದು ಹೈದರಾಬಾದಿನಲ್ಲೋ ಕೊಯಮತ್ತೂರಿನಲ್ಲೋ. ಗಾಡಿಯೂ ಅವರ ಜೊತೆ ಓಡಾಡುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದಂಡ ಗಡಿ ದಾಟುತ್ತದೆ, ನೋಟಿಸ್ ದಾಟುವುದಿಲ್ಲ. ನಾನು ಇಷ್ಟು ವರ್ಷ ನೋಡಿದ ಕೇಸುಗಳಲ್ಲಿ ತೊಂದರೆಯ ಬೇರು ಹೆಚ್ಚಾಗಿ ಅಲ್ಲೇ ಇತ್ತು. ಗಾಡಿಯ ದಾಖಲೆ ವಾಹನ್ ಎನ್ನುವ ಒಂದೇ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ, ಡಿಎಲ್ ದಾಖಲೆ ಸಾರಥಿಯಲ್ಲಿ. ಯಾವ ಊರಿನ ಕೌಂಟರಿನಲ್ಲಿ ಕೂತರೂ ನಂಬರ್ ಹಾಕಿದರೆ ಜಾತಕ ಬರುತ್ತದೆ. ಆದರೆ ನಮಗೆ ತಿಳಿಸುವ ಮೆಸೇಜು ಹೋಗುವುದು ಆರ್‌ಸಿಯಲ್ಲಿರುವ ಹಳೆಯ ಮೊಬೈಲಿಗೆ. ಕಾಗದ ಹೋಗುವುದು ಹಳೆಯ ವಿಳಾಸಕ್ಕೆ. ಕ್ಯಾಮೆರಾದಲ್ಲಿ ಹಿಡಿದ ತಪ್ಪಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು ಎಂದು 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಒಳ್ಳೆಯ ನಿಯಮ. ಆದರೆ ಅವರು ಕಳಿಸಿದ್ದು ನಮ್ಮ ಕೈಗೆ ಸೇರುವ ಹಾಗೆ ದಾಖಲೆ ಇಟ್ಟುಕೊಳ್ಳುವುದು ನಮ್ಮ ಕೆಲಸ. ಬೇರೆ ಕಡೆ ವಾಸಕ್ಕೆ ಹೋದರೆ 30 ದಿನದೊಳಗೆ ವಿಳಾಸ ತಿಳಿಸಬೇಕು ಎಂದು 49ನೇ ಸೆಕ್ಷನ್ ಹೇಳುತ್ತದೆ. ಈ ಸಭೆಯಲ್ಲಿ ಎಷ್ಟು ಜನ ತಿಳಿಸಿದ್ದೀರಿ? ಒಂದು, ಎರಡು... ನಾಲ್ಕು ಕೈ. ಇಡೀ ಹಾಲಿನಲ್ಲಿ ನಾಲ್ಕು.

ಕೇರಳದ ಕ್ಯಾಮೆರಾ ಬಗ್ಗೆ ಪಿಕಪ್ ಓಡಿಸುವವರಿಗೆ ನಾನು ಹೇಳಬೇಕಾಗಿಲ್ಲ. 'ಸೇಫ್ ಕೇರಳ' ಯೋಜನೆಯಲ್ಲಿ 726 ಕ್ಯಾಮೆರಾ ಹಾಕಿ, 2023ರ ಜೂನ್ 5ರಿಂದ ದಂಡ ಶುರು ಮಾಡಿದರು. ಬೆಲ್ಟ್ ಹಾಕದಿದ್ದರೆ, ಹೆಲ್ಮೆಟ್ ಇಲ್ಲದಿದ್ದರೆ, ಫೋನ್ ಹಿಡಿದಿದ್ದರೆ ಅದೇ ಫೋಟೋ ತೆಗೆಯುತ್ತದೆ. ಮೊದಲೆಲ್ಲ ಪೊಲೀಸರು ಕೈ ಅಡ್ಡ ಹಾಕಿದರೆ ಮಾತ್ರ ಕೇಸು. ನಿಲ್ಲಿಸಿದರೆ ಗೊತ್ತಾಗುತ್ತಿತ್ತು, ಮಾತಾಡುತ್ತಿದ್ದೆವು, ರಸೀದಿ ಕೈಗೆ ಬರುತ್ತಿತ್ತು. ಈಗ ಶುಂಠಿ ಇಳಿಸಿ, ಚಾ ಕುಡಿದು, ಘಟ್ಟ ಹತ್ತಿ ಮನೆಗೆ ಬಂದಿರುತ್ತೀರಿ. ಕೇಸು ಬಿದ್ದದ್ದೇ ಗೊತ್ತಿಲ್ಲ.

ಒಂದೇ ತಪ್ಪಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ದಂಡ ಯಾಕೆ ಎಂದು ತುಂಬಾ ಜನ ಕೇಳುತ್ತಾರೆ. 2019ರ ಸೆಪ್ಟೆಂಬರ್ 1ರಿಂದ ಕಾಯ್ದೆಯಲ್ಲಿ ದಂಡ ಏರಿತು. ಹೆಲ್ಮೆಟ್ಟಿಗೆ 1,000 ಮಾಡಿದರು. ಆದರೆ ಸ್ಥಳದಲ್ಲೇ ಕಟ್ಟಿಸಿಕೊಂಡು ಮುಗಿಸುವ ಮೊತ್ತ ಎಷ್ಟು ಎನ್ನುವುದನ್ನು 200ನೇ ಸೆಕ್ಷನ್ ರಾಜ್ಯಕ್ಕೆ ಬಿಟ್ಟಿದೆ. ನಮ್ಮ ಸರ್ಕಾರ ಅದೇ ತಿಂಗಳಲ್ಲಿ ಅದನ್ನು 500ಕ್ಕೆ ಇಳಿಸಿತು. ತಮಿಳುನಾಡು 2022ರ ಅಕ್ಟೋಬರಿನಿಂದ 1,000 ತೆಗೆದುಕೊಳ್ಳುತ್ತಿದೆ. ನಿಮ್ಮ ಮಗ ಊಟಿಗೆ ಹೋಗಿ ಸಿಕ್ಕಿಬಿದ್ದರೆ ಅಲ್ಲಿಯ ದರವೇ ಕಟ್ಟಬೇಕು. ನಮ್ಮ ಊರಲ್ಲಿ 500 ಎಂದು ವಾದ ಮಾಡಿ ಪ್ರಯೋಜನ ಇಲ್ಲ. ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಹೆಲ್ಮೆಟ್ ತಪ್ಪಿಗೆ ಮೂರು ತಿಂಗಳು ಡಿಎಲ್ ಅಮಾನತು ಮಾಡುವುದಕ್ಕೂ ಕಾಯ್ದೆಯಲ್ಲಿ ಅವಕಾಶ ಇದೆ. ಡಿಎಲ್ ಇಡೀ ದೇಶಕ್ಕೆ ಒಂದೇ. ಇಲ್ಲಿ ಅಮಾನತಾದದ್ದು ಘಟ್ಟದ ಕೆಳಗೂ ಅಮಾನತೇ.

ಈಗ ಡ್ರೈವರುಗಳ ವಿಷಯಕ್ಕೆ ಬರುತ್ತೇನೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಕ್ಯಾಮೆರಾ ಕೇಸು ಬೀಳುವುದು ಗಾಡಿಯ ಮೇಲೆ. ಅಂದರೆ ಮಾಲೀಕರ ಹೆಸರಿಗೆ. ಮಾಲೀಕರು ನೋಡುವುದು ಯಾವಾಗ? ಎಫ್‌ಸಿಗೆ ಹೋದಾಗ, ಪರ್ಮಿಟ್ ನವೀಕರಣಕ್ಕೆ ಹೋದಾಗ, ಅಥವಾ ಗಾಡಿ ಮಾರುವಾಗ. ಆಗ ಒಂದೇ ಸಲ ಹತ್ತು ಹನ್ನೆರಡು ಕೇಸು ಕಾಣುತ್ತವೆ. ಅಷ್ಟರಲ್ಲಿ ಆ ಗಾಡಿಯನ್ನು ಮೂರು ಜನ ಓಡಿಸಿರುತ್ತಾರೆ. ಇಬ್ಬರು ಕೆಲಸ ಬಿಟ್ಟು ಹೋಗಿರುತ್ತಾರೆ. ಉಳಿದವನ ಸಂಬಳದಲ್ಲಿ ಪೂರ್ತಿ ಹಿಡಿಯುತ್ತಾರೆ. ಸಿದ್ದಾಪುರ ಕಡೆಯ ಒಬ್ಬ ಡ್ರೈವರ್ ನನ್ನ ಹತ್ತಿರ ಒಂದು ಸಣ್ಣ ಡೈರಿ ತಂದಿದ್ದ. ಯಾವ ದಿನ ಯಾವ ಲೋಡು, ಎಲ್ಲಿಗೆ, ಎಷ್ಟು ಗಂಟೆಗೆ ಹೊರಟದ್ದು, ಎಲ್ಲ ನೀಲಿ ಪೆನ್ನಿನಲ್ಲಿ ಬರೆದಿದ್ದ. ಎಂಟು ಕೇಸಿನ ತಾರೀಕು ಹಿಡಿದು ಒಂದೊಂದಾಗಿ ನೋಡಿದೆವು. ಐದು ದಿನ ಅವನು ಆ ಗಾಡಿಯಲ್ಲೇ ಇರಲಿಲ್ಲ. ಒಂದು ದಿನವಂತೂ ಹುತ್ತರಿಗೆ ರಜೆ. ಆ ಡೈರಿ ನೋಡಿದ ಮೇಲೆ ಮಾಲೀಕರು ಐದರ ದುಡ್ಡು ವಾಪಸ್ ಕೊಟ್ಟರು. ಒಳ್ಳೆಯ ಮನುಷ್ಯರು, ಅವರಿಗೂ ಗೊತ್ತಿರಲಿಲ್ಲ ಅಷ್ಟೇ. ಡ್ರೈವರುಗಳೇ, ದಯವಿಟ್ಟು ಒಂದು ಡೈರಿ ಇಡಿ. ಮಾಲೀಕರೇ, ತಿಂಗಳಿಗೊಂದು ಸಲ ನಿಮ್ಮ ಗಾಡಿ ನಂಬರ್ ಹಾಕಿ ನೋಡಿ. ಕೆಲಸಗಾರ ಇನ್ನೂ ನಿಮ್ಮ ಹತ್ತಿರ ಇರುವಾಗಲೇ ಕೇಳಿ ತಿಳಿಯಿರಿ.

ಗಾಡಿ ಮಾರುವ ವಿಷಯ ಇದಕ್ಕಿಂತ ಅಪಾಯ. ಪೊಲಿಬೆಟ್ಟ ಕಡೆಯ ಒಬ್ಬರು ಹಿರಿಯರು ಹಳೆಯ ಬೈಕನ್ನು ಹೊರಗಿನಿಂದ ಕೆಲಸಕ್ಕೆ ಬಂದ ಒಬ್ಬ ಹುಡುಗನಿಗೆ ಕೊಟ್ಟರು. ನಗದು ವ್ಯವಹಾರ. ಬಿಳಿ ಹಾಳೆಯಲ್ಲಿ ಒಂದು ಸಹಿ. ಹುಡುಗ ಕಾಫಿ ಕೊಯ್ಲು ಮುಗಿಸಿ ಕೇರಳದ ಕಟ್ಟಡದ ಕೆಲಸಕ್ಕೆ ಹೋದ. ಬೈಕೂ ಹೋಯಿತು. ಆಮೇಲೆ ಹಿರಿಯರ ಫೋನಿಗೆ ಮೆಸೇಜು ಶುರು. ಅವರು ಮಲಯಾಳಂ ಮೆಸೇಜನ್ನು ಯಾವುದೋ ಜಾಹೀರಾತು ಎಂದುಕೊಂಡು ಅಳಿಸುತ್ತಾ ಬಂದಿದ್ದರು. ಬಿಳಿ ಹಾಳೆಗೆ ಕಾನೂನಿನಲ್ಲಿ ಏನು ಬೆಲೆ? ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಕೇಸಿನಲ್ಲಿ, ಸ್ಪಷ್ಟವಾಗಿ ಹೇಳಿದೆ: ಗಾಡಿ ಕೈ ಬದಲಾದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಅದು ಅಪಘಾತದ ಪರಿಹಾರದ ಕೇಸು. ಯೋಚನೆ ಮಾಡಿ. ದಂಡ ಹೋಗಲಿ, ಆ ಬೈಕು ಯಾರಿಗಾದರೂ ಗುದ್ದಿದ್ದರೆ? ಮಾರಿದ ಮೇಲೆ ಅದೇ ರಾಜ್ಯದೊಳಗಾದರೆ 14 ದಿನ, ಬೇರೆ ರಾಜ್ಯದ ಲೆಕ್ಕವಾದರೆ 45 ದಿನ, ಅಷ್ಟರಲ್ಲಿ ಮಾರಿದವರು ತಿಳಿಸಬೇಕು. ಕೊಂಡವರು ವರ್ಗಾವಣೆ ಮಾಡಿಸುತ್ತಾರೆ ಎಂದು ನಂಬಿ ಕೂರಬೇಡಿ.

ಕೊಳ್ಳುವವರಿಗೂ ಅದೇ ಮಾತು. ನಾನೇ ಒಂದು ಸಲ ಸಿಕ್ಕಿಕೊಂಡಿದ್ದೇನೆ. ಬೇರೆ ರಾಜ್ಯದ ನಂಬರಿನ ಒಂದು ಕಾರು, ಒಳ್ಳೆಯ ಸ್ಥಿತಿಯಲ್ಲಿತ್ತು. ಮಾರಾಟದ ಅಂಗಡಿಯವರು ಎನ್‌ಒಸಿ ಹದಿನೈದು ದಿನದಲ್ಲಿ ಬರುತ್ತದೆ ಎಂದರು. ನಾನು ಪೂರ್ತಿ ದುಡ್ಡು ಕೊಟ್ಟೆ. ಅದರ ಮೇಲೆ ಹಳೆಯ ಮಾಲೀಕರ ಅತಿವೇಗದ ಕೇಸುಗಳಿದ್ದವು. ಅವರು ಊರು ಬಿಟ್ಟಿದ್ದರು, ಅಂಗಡಿಯವರು ಫೋನ್ ಎತ್ತುವುದು ಬಿಟ್ಟರು. ಕೊನೆಗೆ ನಾನೇ ಕಟ್ಟಿದೆ. ಐದು ತಿಂಗಳು ಕಾರು ಮನೆಯ ಶೆಡ್ಡಿನಲ್ಲಿ ನಿಂತಿತ್ತು. ಮಳೆಗಾಲಕ್ಕೆ ಸೀಟಿನ ಮೇಲೆ ಬೂಷ್ಟು ಬಂದಿತ್ತು, ಬಾಗಿಲು ತೆಗೆದರೆ ಆ ವಾಸನೆ. ಅವತ್ತಿನಿಂದ ಯಾರೇ ಕೇಳಿದರೂ ಒಂದೇ ಮಾತು ಹೇಳುತ್ತೇನೆ: ಎನ್‌ಒಸಿ ಕೈಗೆ ಬರುವ ತನಕ ಸ್ವಲ್ಪ ದುಡ್ಡು ಹಿಡಿದಿಟ್ಟುಕೊಳ್ಳಿ.

ಸೈನ್ಯದಲ್ಲಿರುವವರ ಮನೆಯವರು ಇಲ್ಲಿ ತುಂಬಾ ಜನ ಇದ್ದೀರಿ. 2021ರ ಸೆಪ್ಟೆಂಬರಿನಿಂದ ಬಿಎಚ್ ನಂಬರ್, ಅಂದರೆ ರಾಜ್ಯ ಬದಲಿಸಿದರೂ ಬದಲಾಗದ ಭಾರತ್ ನಂಬರ್, ಬಂದಿದೆ. ರಕ್ಷಣಾ ಪಡೆಯವರು, ಸರ್ಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರು ತೆಗೆದುಕೊಳ್ಳಬಹುದು. ಎರಡು ವರ್ಷಕ್ಕೊಮ್ಮೆ ಟ್ಯಾಕ್ಸ್. ವರ್ಗವಾದಾಗಲೆಲ್ಲ ನಂಬರ್ ಬದಲಿಸುವ ತಲೆನೋವು ಇಲ್ಲ. ಆದರೆ ಬಿಎಚ್ ಇದ್ದರೆ ಯಾವ ರಾಜ್ಯದ ದಂಡವೂ ಅಂಟುವುದಿಲ್ಲ ಎಂದು ಕೆಲವರು ಅಂದುಕೊಂಡಿದ್ದಾರೆ. ಹಾಗಿಲ್ಲ. ಗಾಡಿ ಎಲ್ಲೆಲ್ಲಿ ಹೋಗುತ್ತದೋ ಅಲ್ಲಿಯ ಕೇಸು ಅದರ ಮೇಲೆ ಬೀಳುತ್ತದೆ.

ಇನ್ನು ರಿಯಾಯಿತಿ. 2023ರ ಫೆಬ್ರವರಿಯಲ್ಲಿ ಮೊದಲ ಸಲ ನಮ್ಮ ರಾಜ್ಯದಲ್ಲಿ ಬಾಕಿ ದಂಡಕ್ಕೆ ಅರ್ಧ ಮಾಫಿ ಕೊಟ್ಟರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಮತ್ತೆ ಕೊಟ್ಟರು. ಬಡವರಿಗೆ ಅದರಿಂದ ನಿಜವಾಗಿ ಅನುಕೂಲ ಆಗಿದೆ, ನಾನು ಬೇಡ ಅನ್ನುವುದಿಲ್ಲ. ಆದರೆ ಊರು ಬಿಡುವವರು ಅದಕ್ಕೆ ಕಾಯಬಾರದು. ನಿಮ್ಮ ಕೆಲಸದ ಆರ್ಡರು, ಮಗುವಿನ ಶಾಲೆ, ಬಾಡಿಗೆ ಮನೆ ಯಾವುದೂ ರಿಯಾಯಿತಿಯ ತಾರೀಕು ನೋಡಿ ಬರುವುದಿಲ್ಲ. ಇಲ್ಲಿಯ ರಿಯಾಯಿತಿ ಕೇರಳದ ಕೇಸಿಗೆ ಸಿಗುವುದೂ ಇಲ್ಲ.

ಅಮೆರಿಕದಲ್ಲಿ ಮಕ್ಕಳಿರುವವರು ಒಂದಿಬ್ಬರು ಮೊದಲೇ ಕೇಳಿದ್ದರು, ಅಲ್ಲಿ ಹೇಗೆ ಎಂದು. ಅಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ರಾಜ್ಯ ಬದಲಿಸಿದರೆ ಲೈಸೆನ್ಸೂ ಹೊಸದಾಗಿ ಮಾಡಿಸಬೇಕು. ಬಹುತೇಕ ರಾಜ್ಯಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿವೆ. ಒಂದು ರಾಜ್ಯದಲ್ಲಿ ಟಿಕೆಟ್ ಕಟ್ಟದೆ ಹೋದರೆ ಅದು ನಿಮ್ಮ ಲೈಸೆನ್ಸ್ ಕೊಟ್ಟ ರಾಜ್ಯಕ್ಕೆ ತಿಳಿಸುತ್ತದೆ, ಅವರು ಲೈಸೆನ್ಸ್ ಅಮಾನತು ಮಾಡಬಹುದು. ಹೀಗೆ ಅಮಾನತಾದವರ ಪಟ್ಟಿಯನ್ನು ರಾಷ್ಟ್ರಮಟ್ಟದಲ್ಲಿ ಇಟ್ಟಿದ್ದಾರೆ. ಹೊಸ ರಾಜ್ಯದವರು ಲೈಸೆನ್ಸ್ ಕೊಡುವ ಮೊದಲು ಅದನ್ನು ನೋಡುತ್ತಾರೆ. ಹೆಸರಿದ್ದರೆ ಹಳೆಯದನ್ನು ಮುಗಿಸಿ ಬನ್ನಿ ಎನ್ನುತ್ತಾರೆ. ಕೋರ್ಟಿಗೆ ಬಾ ಎಂದ ದಿನ ಹೋಗದಿದ್ದರೆ ವಾರಂಟೂ ಆಗಬಹುದು. ಪಾರ್ಕಿಂಗ್ ಚೀಟಿ ಸಾಮಾನ್ಯವಾಗಿ ಈ ಒಪ್ಪಂದದಲ್ಲಿ ಬರುವುದಿಲ್ಲ. ಪೊಲೀಸರು ನಿಲ್ಲಿಸಿ ಬರೆದುಕೊಟ್ಟ ಟಿಕೆಟ್ ಅಲ್ಲಿ ಮನುಷ್ಯನಿಗೆ ಅಂಟುತ್ತದೆ. ನಮ್ಮಲ್ಲಿ ಕ್ಯಾಮೆರಾ ಕೇಸು ಗಾಡಿಗೆ ಅಂಟುತ್ತದೆ. ಅದಕ್ಕೇ ನಮ್ಮಲ್ಲಿ ತಪ್ಪು ಮಾಡದವರು ಜಾಸ್ತಿ ಸಿಕ್ಕಿಕೊಳ್ಳುವುದು.

ಹಾಗಾದರೆ ಹೊರಡುವ ಮೊದಲು ಏನು ಮಾಡಬೇಕು? ಗಾಡಿ ನಂಬರ್, ಚಾಸಿ ನಂಬರಿನ ಕೊನೆಯ ಐದು ಅಂಕಿ ಇಟ್ಟುಕೊಂಡು ಕೂರಿ. ಪರಿವಾಹನ್‌ನಲ್ಲಿ ಇ-ಚಲನ್ ನೋಡಿ. ಅಲ್ಲಿ ಸೊನ್ನೆ ಬಂದರೆ ಮುಗಿಯಿತು ಅನ್ನಬೇಡಿ. ರಾಜ್ಯ ಪೊಲೀಸರ ಆ್ಯಪಿನಲ್ಲಿ ನೋಡಿ, ಆನ್‌ಲೈನಿನಲ್ಲೇ ನಡೆಯುವ ವರ್ಚುವಲ್ ಕೋರ್ಟಿನಲ್ಲೂ ನೋಡಿ. ಕಟ್ಟದೆ ಬಿಟ್ಟ ಕೇಸು ಕೋರ್ಟಿಗೆ ಹೋಗಿದ್ದರೆ ಅಲ್ಲಿ ಕಾಣುತ್ತದೆ. ಕರ್ನಾಟಕ, ಕೇರಳ ಎರಡಕ್ಕೂ ವರ್ಚುವಲ್ ಕೋರ್ಟ್ ಇದೆ. ತಪ್ಪು ಒಪ್ಪಿಕೊಂಡು ಅಲ್ಲೇ ಕಟ್ಟಬಹುದು, ಒಪ್ಪದಿದ್ದರೆ ತಕರಾರು ಹಾಕಬಹುದು. ಕಟ್ಟಿದ ರಸೀದಿ ಪ್ರಿಂಟ್ ತೆಗೆದು ಆರ್‌ಸಿ ಜೊತೆ ಇಡಿ, ಫೋನಿನಲ್ಲಿ ಮಾತ್ರ ಇಟ್ಟರೆ ಸಾಲದು. ಆಮೇಲೆ ಎನ್‌ಒಸಿಗೆ ಹೋಗಿ. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಕುಟ್ಟದವರಿಗೆ ಮಡಿಕೇರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದ ಹಾಗೆ. ಎರಡು ಸಲ ಓಡಾಡುವ ಹಾಗೆ ಆಗಬಾರದು.

ಪ್ರಶ್ನೆಗಳು ಬಂದವು.

ಗೋಣಿಕೊಪ್ಪದ ಒಬ್ಬ ಆಟೋ ಚಾಲಕರು ಎದ್ದು ನಿಂತರು. "ಮೇಡಂ, ಫೋಟೋದಲ್ಲಿ ಇರೋದು ನನ್ನ ಗಾಡಿನೇ ಅಲ್ಲ. ನಾನ್ಯಾಕೆ ಕಟ್ಲಿ?" ಎಂದರು. ಫೋನ್ ತೋರಿಸಿದರು. ನಿಜ, ಫೋಟೋದಲ್ಲಿ ಒಂದು ಸ್ಕೂಟರ್. ನಂಬರ್ ಪ್ಲೇಟಿನಲ್ಲಿ ಮಣ್ಣು ಹಾರಿ 3 ಎನ್ನುವುದು 8ರ ಹಾಗೆ ಕಾಣುತ್ತಿತ್ತು. ನಾನು ಹೇಳಿದೆ: ಕಟ್ಟಬೇಡಿ. ಕಟ್ಟಿದರೆ ಒಪ್ಪಿಕೊಂಡ ಹಾಗೆ. ಆದರೆ ಸುಮ್ನೆ ಬಿಡಲೂಬೇಡಿ. ಇ-ಚಲನ್ ತಾಣದಲ್ಲೇ ದೂರು ಕೊಡುವ ಜಾಗ ಇದೆ. ಆರ್‌ಸಿ, ನಿಮ್ಮ ಆಟೋದ ಮುಂದಿನ ಮತ್ತು ಹಿಂದಿನ ಫೋಟೋ ಹಾಕಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಉತ್ತರ ಬರದೆ ಕೋರ್ಟಿಗೆ ಹೋದರೆ ಅಲ್ಲಿ ತಕರಾರು ಹಾಕೋಣ. ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವವರಿಗೆ ಕೋರ್ಟಿನಲ್ಲೇ ಕಾನೂನು ಸೇವೆಗಳ ಸಮಿತಿ ಇದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಒಬ್ಬ ಕಾಲೇಜು ಹುಡುಗ ಕೇಳಿದ, ಕುಡಿದು ಓಡಿಸಿದ ಕೇಸನ್ನೂ ಆನ್‌ಲೈನಿನಲ್ಲಿ ಕಟ್ಟಿ ಮುಗಿಸಬಹುದಾ ಎಂದು. ಇಲ್ಲ ಮಗು. ಅದು 185ನೇ ಸೆಕ್ಷನ್. ಮೊದಲ ಸಲಕ್ಕೇ 10,000 ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ಕೋರ್ಟಿಗೆ ಹೋಗಲೇಬೇಕು. ಅದನ್ನು ಬಾಕಿ ಇಟ್ಟು ಬೇರೆ ರಾಜ್ಯಕ್ಕೆ ಕೆಲಸಕ್ಕೆ ಹೋದರೆ, ಪಾಸ್‌ಪೋರ್ಟಿಗೆ ಪೊಲೀಸರು ವಿಚಾರಣೆಗೆ ಬಂದಾಗ ಆ ಕೇಸು ಎದ್ದು ಕೂರುತ್ತದೆ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಅಮ್ಮ. ಮಗ ಕೊಯಮತ್ತೂರಿಗೆ ಹೋಗಿ ಎರಡು ವರ್ಷ ಆಗಿದೆ, ಬೈಕ್ ಅಲ್ಲೇ ಇದೆ, ಆರ್‌ಸಿ ತನ್ನ ಹೆಸರಿನಲ್ಲಿದೆ ಎಂದರು. "ನಂಗೆ ಫೋನಿನಲ್ಲಿ ಇದೆಲ್ಲ ನೋಡೋಕೆ ಬರಲ್ಲ. ನನ್ನ ಹಳೇ ಸಿಮ್ಮೂ ಬಂದ್ ಆಗಿದೆ. ಏನಾದ್ರೂ ಬಿದ್ದಿದ್ರೆ ನನ್ನ ಹಿಡ್ಕೊಂಡು ಹೋಗ್ತಾರಾ?"

ಹೆಲ್ಮೆಟ್ ಕೇಸಿಗೆ ಯಾರೂ ನಿಮ್ಮನ್ನು ಹಿಡಿದುಕೊಂಡು ಹೋಗುವುದಿಲ್ಲ ಅಮ್ಮ, ಹೆದರಬೇಡಿ. ಮೊದಲು ದಾಖಲೆಯಲ್ಲಿ ನಿಮ್ಮ ಹೊಸ ಮೊಬೈಲ್ ನಂಬರ್ ಸೇರಿಸೋಣ. ಆಮೇಲೆ ಏನು ಬಿದ್ದಿದೆ ನೋಡೋಣ. ನಾಳೆ ಸಂಜೆ ನಾಲ್ಕರ ಮೇಲೆ ನಾನು ಆಫೀಸಿನಲ್ಲೇ ಇರುತ್ತೇನೆ. ಆರ್‌ಸಿ ಹಿಡಿದುಕೊಂಡು ಬನ್ನಿ. ಮಗನಿಗೂ ಆ ಹೊತ್ತಿಗೆ ಫೋನ್ ಎತ್ತಲು ಹೇಳಿ, ಒಟ್ಟಿಗೆ ಕೂತು ನೋಡೋಣ.